ನೀರು ಒಂದೇ ಸಮ ಹರಿಯುತ್ತಿದ್ದರೂ ತಳದ ಮರಳು ಯಾಕೆ ತಡೆದು ತಡೆದು ಹೋಗುತ್ತದೆ?

ತೋಟದಮನೆ ಕೇಳಿದ ಪ್ರಶ್ನೆ:

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಗುಡ್ಡದ ಒರತೆ ನೀರು ತೋಟದ ನಡುವಿನ ಕಾಲುವೆಯಲ್ಲಿ ಹರಿದು ಕೆಳಗಿನ ಹಳ್ಳ ಸೇರುತ್ತದೆ. ಕಾಲುವೆ ಅಗಲ ಎರಡಡಿ ಚಿಲ್ಲರೆ, ನೀರಿನ ಆಳ ಸುಮಾರು 10 ಸೆಂ.ಮೀ. ಮಳೆಗಾಲದಲ್ಲಿ ಪೂರಾ ಕೆಂಪು ನೀರು, ಏನೂ ಕಾಣುವುದಿಲ್ಲ. ದೀಪಾವಳಿ ಕಳೆದ ಮೇಲೆ ತಿಳಿಯಾಗುತ್ತದೆ. ಆಗ ತಳದ ಒಂದೊಂದು ಕಾಳೂ ಎಣಿಸುವಷ್ಟು ಸ್ಪಷ್ಟ.

ಈಗ ದಿನಾ ಬೆಳಗ್ಗೆ ನೀರು ಬಿಡಲು ಹೋದಾಗ ಕೂತು ನೋಡುತ್ತೇನೆ. ನೀರಿನ ಮೇಲ್ಮೈ ಒಂದೇ ಸಮ ಇರುತ್ತದೆ. ತರಗೆಲೆ ಬಿಟ್ಟರೆ 3 ಮೀಟರ್ ಹೋಗಲು 8 ಸೆಕೆಂಡ್ ಆಸುಪಾಸು, ಯಾವಾಗ ಬಿಟ್ಟರೂ ಅಷ್ಟೇ. ಆದರೆ ತಳದ ಮರಳು ಹಾಗಿಲ್ಲ. ಅಂಗೈ ಅಗಲದ ಒಂದು ಜಾಗದಲ್ಲಿ ಕಾಳುಗಳೆಲ್ಲ ಇದ್ದಕ್ಕಿದ್ದಂತೆ ಸರಕ್ಕನೆ ಮುಂದಕ್ಕೆ ಹೋಗುತ್ತವೆ. ಎರಡು ಮೂರು ಬೆರಳಗಲ ಹೋಗಿ ಗಕ್ಕನೆ ನಿಲ್ಲುತ್ತವೆ. ಪಕ್ಕದಲ್ಲಿರುವ ಮರಳು ಅಲ್ಲಾಡುವುದೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೇರೆಲ್ಲೋ ಒಂದು ಕಡೆ ಮತ್ತೆ ಸರಕ್. ಮೊದಲು ಹೋದ ಜಾಗ ಆಗ ಸುಮ್ನೆ ಇರುತ್ತದೆ.

ಮೀನು, ಏಡಿ ಏನಾದರೂ ಇದೆಯಾ ಅಂತ ನೋಡಿದೆ. ಇಲ್ಲ. ಮೇಲಿನ ತೂಬಿನಲ್ಲಿ ನೀರು ಏರಿಳಿತ ಆಗುತ್ತಿದೆಯಾ ಅಂತಲೂ ನೋಡಿದೆ. ಅದೂ ಇಲ್ಲ.

ಇಳಿಜಾರು ಬೇಕಾಗಬಹುದು ಅಂತ ಪೈಪ್ ಲೆವೆಲ್ ಹಿಡಿದು ಅಳೆದೆ. 20 ಮೀಟರಿಗೆ 1 ಸೆಂ.ಮೀ. ಇಳಿದಿದೆ. ಮರಳಿನ ಕಾಳು ಹೆಚ್ಚುಕಡಿಮೆ 1 ಮಿ.ಮೀ. ಮಧ್ಯೆ ಕಪ್ಪು ಪುಡಿ ಮರಳಿದೆ, ಅಭ್ರಕದ ಹೊಳೆಯುವ ಚೂರುಗಳೂ ಇವೆ.

ಒಂದೇ ವೇಗದ ನೀರು, ಒಂದೇ ಅಳತೆಯ ಮರಳು. ಹಾಗಿದ್ದರೆ ಎಲ್ಲವೂ ಹೋಗಬೇಕು, ಇಲ್ಲವೇ ಎಲ್ಲವೂ ನಿಲ್ಲಬೇಕು, ಅಲ್ವಾ? ಅಲ್ಲೊಂದು ಇಲ್ಲೊಂದು ಯಾಕೆ ಹೋಗುತ್ತದೆ? ತಿಳಿದವರು ಹೇಳಿ.

---

ಆರನೇ_ಸೆಮ್_ಸಿವಿಲ್:

ನಮಗೆ ಈ ವರ್ಷವೇ ಪಾಠದಲ್ಲಿ ಬಂತು. ಹ್ಯೂಲ್‌ಸ್ಟ್ರಾಮ್ ಅಂತ ಸ್ವೀಡನ್ನಿನವರು 1935ರಲ್ಲಿ ಒಂದು ನಕ್ಷೆ ಮಾಡಿದ್ದರು. ಯಾವ ಗಾತ್ರದ ಕಣ ಎಷ್ಟು ವೇಗದ ನೀರಿಗೆ ಕದಲುತ್ತದೆ ಅನ್ನೋದು ಅದರಲ್ಲಿದೆ. ತೀರಾ ಸುಲಭವಾಗಿ ಕದಲುವುದು ಸಣ್ಣ ಮತ್ತು ನಡುಗಾತ್ರದ ಮರಳು. ಅದಕ್ಕಿಂತ ದಪ್ಪ ಆದರೆ ತೂಕ ಜಾಸ್ತಿ. ಜೇಡಿಯಷ್ಟು ನುಣುಪಾದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹಾಗಾಗಿ ಅದನ್ನು ಕೀಳಲೂ ಹೆಚ್ಚು ವೇಗ ಬೇಕು.

ನಿಮ್ಮ ಎಲೆಯ ಲೆಕ್ಕದಲ್ಲಿ ಮೇಲಿನ ವೇಗ ಸೆಕೆಂಡಿಗೆ 37 ಸೆಂ.ಮೀ. ಸರಾಸರಿ ಅದರ 85 ಪರ್ಸೆಂಟ್ ಅಂತ ಹಿಡಿದರೆ 32 ಸೆಂ.ಮೀ. ಒಂದು ಮಿ.ಮೀ. ಮರಳಿಗೆ ಅದು ಸರಿಯಾಗಿ ಗಡಿಯ ಹತ್ತಿರ ಬರುತ್ತದೆ. ಆದ್ದರಿಂದ ಸ್ವಲ್ಪ ಹೋಗುತ್ತದೆ, ಸ್ವಲ್ಪ ನಿಲ್ಲುತ್ತದೆ ಅಂತ ಅನಿಸುತ್ತದೆ. ಆದರೆ ಗಡಿಯ ಹತ್ತಿರ ಇದ್ದರೆ ಹೀಗೆ ಗುಂಪು ಗುಂಪಾಗಿ ಯಾಕೆ ಹೋಗುತ್ತದೆ ಅನ್ನೋದಕ್ಕೆ ನಮ್ಮ ನೋಟ್ಸ್‌ನಲ್ಲಿ ಉತ್ತರ ಇಲ್ಲ.

---

ಗಾಜಿನ_ಕಾಲುವೆ:

ಈ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನಾನು ಎಂಜಿನಿಯರಿಂಗ್ ಕಾಲೇಜೊಂದರ ಹೈಡ್ರಾಲಿಕ್ಸ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಗಾಜಿನ ಗೋಡೆಯ ಫ್ಲೂಮ್, ಅಂದರೆ ಮನುಷ್ಯ ಮಾಡಿದ ಕಾಲುವೆಯ ಪಕ್ಕದಲ್ಲೇ ನನ್ನ ದಿನ ಕಳೆಯುತ್ತದೆ. ನೀವು ವಿವರಿಸಿದ ಸರಕ್ಕನೆ ಹೋಗಿ ಗಕ್ಕನೆ ನಿಲ್ಲುವ ಆಟ ಅಲ್ಲಿ ದಿನವೂ ಕಾಣುತ್ತದೆ. ನೀವು ಇಳಿಜಾರನ್ನೂ ಅಳೆದಿರುವುದರಿಂದ ಲೆಕ್ಕ ಹಾಕಿಯೇ ಹೇಳಬಹುದು.

ನೀರು ತಳವನ್ನು ಎಳೆಯುವ ಒತ್ತಡ ಎಷ್ಟು? ನೀರಿನ ಸಾಂದ್ರತೆ, ಗುರುತ್ವ, ಆಳ, ಇಳಿಜಾರು, ಈ ನಾಲ್ಕನ್ನು ಗುಣಿಸಿದರೆ ಬರುತ್ತದೆ. 1000 × 9.81 × 0.1 × 1/2000. ಅಂದರೆ 0.49 ಪ್ಯಾಸ್ಕಲ್ (ಪ್ಯಾಸ್ಕಲ್ ಅಂದರೆ ಒತ್ತಡ ಅಳೆಯುವ ಮಾನ). ನಿಮ್ಮ ಕಾಲುವೆ ಕಿರಿದು, ದಂಡೆಗಳೂ ಸ್ವಲ್ಪ ಎಳೆತ ಹಂಚಿಕೊಳ್ಳುತ್ತವೆ. ಹಾಗಾಗಿ ತಳಕ್ಕೆ 0.4ರಿಂದ 0.5 ಅಂತ ಇಟ್ಟುಕೊಳ್ಳಿ.

ಒಂದು ಮಿ.ಮೀ. ಮರಳು ಹೊರಡಲು ಎಷ್ಟು ಬೇಕು? ಇದಕ್ಕೆ ಇಂದಿಗೂ ಬಳಸುವುದು ಆಲ್ಬರ್ಟ್ ಶೀಲ್ಡ್ಸ್ ಎಂಬ ಅಮೆರಿಕದ ಎಂಜಿನಿಯರ್ 1936ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ಕೆಲಸ. ಅವರು ನೀರಿನ ಎಳೆತವನ್ನು ಕಾಳಿನ ನೀರೊಳಗಿನ ತೂಕದಿಂದ ಭಾಗಿಸಿ ನೋಡಿದರು. ಆ ಭಾಗಲಬ್ಧ ಒಂದು ಮಿ.ಮೀ. ಮರಳಿಗೆ ಸುಮಾರು 0.035 ಆದಾಗ ಕಾಳು ಕದಲಲು ಶುರು. ನಿಮ್ಮ ಮರಳಿಗೆ ಅದು ಸುಮಾರು 0.55 ಪ್ಯಾಸ್ಕಲ್.

ಈಗ ಎರಡೂ ಅಂಕೆ ಪಕ್ಕಪಕ್ಕ ಇಟ್ಟು ನೋಡಿ. ಬೇಕಾದದ್ದು 0.55, ಇರುವುದು ಹೆಚ್ಚೆಂದರೆ 0.49. ಲೆಕ್ಕದ ಪ್ರಕಾರ ನಿಮ್ಮ ಕಾಲುವೆಯಲ್ಲಿ ಒಂದು ಕಾಳೂ ಅಲುಗಬಾರದು. ಆದರೂ ಹೋಗುತ್ತಿದೆ. ಯಾಕೆಂದರೆ ಈ 0.49 ಸರಾಸರಿ. ಸರಾಸರಿ ಎನ್ನುವುದು ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು, ಮರಳಿನ ಕಾಳಿಗೆ ಅದು ಯಾವತ್ತೂ ತಗಲುವುದಿಲ್ಲ. ಕಾಳಿಗೆ ತಗಲುವುದು ಆ ಕ್ಷಣದಲ್ಲಿ ಅದರ ಮೈಮೇಲೆ ಹಾಯುವ ನೀರು ಮಾತ್ರ.

ಮೇಲ್ಮೈ ಸಮ ಇದೆ ಅಂದಿರಿ. ಮೇಲೆ ಸಮ ಇದ್ದ ಮಾತ್ರಕ್ಕೆ ಒಳಗೂ ಸಮ ಅಂತ ಅಲ್ಲ. ವೇಗವನ್ನು ಆಳದಿಂದ ಗುಣಿಸಿ ನೀರಿನ ಸ್ನಿಗ್ಧತೆಯಿಂದ, ಅಂದರೆ ಹರಿಯಲು ನೀರೇ ಒಡ್ಡುವ ತಡೆಯ ಅಳತೆಯಿಂದ, ಭಾಗಿಸಿದರೆ ರೆನಾಲ್ಡ್ಸ್ ಸಂಖ್ಯೆ ಸಿಗುತ್ತದೆ. ನಿಮ್ಮಲ್ಲಿ ಅದು ಸುಮಾರು 30,000. ತೆರೆದ ಕಾಲುವೆಯಲ್ಲಿ ಇದು ಕೆಲವು ಸಾವಿರ ದಾಟಿದರೆ ಸಾಕು, ಹರಿವು ಟರ್ಬುಲೆಂಟ್. ಹಾಗಾಗಿ ಎಷ್ಟು ತಿಳಿಯಾಗಿ ಕಂಡರೂ ನಿಮ್ಮ ನೀರೊಳಗೆ ದೊಡ್ಡ ಸಣ್ಣ ಸುಳಿಗಳು ತುಂಬಿಕೊಂಡಿವೆ. ಬಣ್ಣ ಇಲ್ಲದ್ದರಿಂದ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ನಿಮ್ಮ ಪ್ರಶ್ನೆಯ ಗಂಟು ಇರುವುದು ತಳಕ್ಕೆ ಅಂಟಿಕೊಂಡ ಪದರದಲ್ಲಿ. ಅಲ್ಲಿ ತಳ ಹಿಡಿದು ನಿಲ್ಲಿಸುವುದರಿಂದ ನೀರು ನಿಧಾನ. ಆದರೆ ಎಲ್ಲ ಕಡೆ ಒಂದೇ ಥರ ನಿಧಾನ ಅಲ್ಲ. ಹರಿವಿನ ದಿಕ್ಕಿಗೆ ಉದ್ದುದ್ದ ಪಟ್ಟಿಗಳಿರುತ್ತವೆ, ಒಂದು ನಿಧಾನದ ಪಟ್ಟಿ, ಪಕ್ಕದಲ್ಲಿ ಒಂದು ಜೋರಿನ ಪಟ್ಟಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನೀರೊಳಗೆ ತೆಳು ತಂತಿ ಇಟ್ಟು, ಅದರಿಂದ ಹೈಡ್ರೋಜನ್ ಗುಳ್ಳೆ ಹೊರಡಿಸಿ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. 1967ರಲ್ಲಿ ಅದು ಪ್ರಕಟವಾಯಿತು. ನಿಧಾನದ ಪಟ್ಟಿ ಅಲ್ಲೇ ಇರುವುದಿಲ್ಲ. ಸ್ವಲ್ಪ ಹೊತ್ತು ತೆವಳುತ್ತದೆ, ಅಲುಗಾಡಲು ಶುರುಮಾಡುತ್ತದೆ, ಮೇಲಕ್ಕೆ ಎದ್ದು ಒಮ್ಮೆಲೇ ಒಡೆದು ಹೋಗುತ್ತದೆ. ಇದಕ್ಕೆ ಬರ್ಸ್ಟ್ ಅನ್ನುತ್ತಾರೆ. ಆ ನೀರು ಮೇಲೆ ಹೋದ ಮೇಲೆ ಜಾಗ ಖಾಲಿ ಇರಲಾರದಲ್ಲ? ಮೇಲಿನ ವೇಗದ ನೀರು ಓರೆಯಾಗಿ ಕೆಳಗಿಳಿದು ತಳವನ್ನು ಗುಡಿಸುತ್ತಾ ಹೋಗುತ್ತದೆ. ಇದು ಸ್ವೀಪ್. ನೀವು ನೋಡುತ್ತಿರುವ ಅಂಗೈ ಅಗಲದ ಸರಕ್ ಇದೆಯಲ್ಲ, ಅದೇ ಸ್ವೀಪ್ ನೆಲ ಮುಟ್ಟಿದ ಜಾಗ. ನೀರು ನಿಮಗೆ ಕಾಣುತ್ತಿಲ್ಲ, ಅದು ಮುಟ್ಟಿದ ಗುರುತು ಮರಳಿನಲ್ಲಿ ಕಾಣುತ್ತಿದೆ.

ಸ್ವೀಪ್‌ನಲ್ಲಿ ವೇಗ ಅಲ್ಪಸ್ವಲ್ಪ ಜಾಸ್ತಿಯಾದರೂ ಪರಿಣಾಮ ದೊಡ್ಡದು. ನೀರು ಕಾಳನ್ನು ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ತಳದ ವೇಗ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟು. ತಳದ ಹತ್ತಿರ ಅಷ್ಟು ಏರಿಳಿತ ಅಪರೂಪವೇನಲ್ಲ, ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಸರಾಸರಿ 0.49 ಇದ್ದ ಕಡೆ ಆ ಒಂದು ಕ್ಷಣ 1.1 ಬಂದುಬಿಟ್ಟರೆ 0.55ರ ಕಾಳು ನಿಲ್ಲುತ್ತದೆಯೇ?

ಆದರೆ ಬಲ ಜೋರಾಗಿದ್ದರೆ ಸಾಲದು, ಅದು ಎಷ್ಟು ಹೊತ್ತು ಇರುತ್ತದೆ ಅನ್ನೋದೂ ಮುಖ್ಯ. ಪ್ರತಿ ಕಾಳೂ ಕೆಳಗಿನ ಎರಡು ಮೂರು ಕಾಳುಗಳ ನಡುವಿನ ಗುಳಿಯಲ್ಲಿ ಕೂತಿರುತ್ತದೆ. ಹೊರಡಬೇಕಾದರೆ ಮುಂದಿನ ಕಾಳಿನ ನೆತ್ತಿ ಹತ್ತಿ ದಾಟಬೇಕು. ಕೆಸರಿನ ಗುಂಡಿಯಲ್ಲಿ ಸಿಕ್ಕ ಬೈಕ್ ನೆನಪಿಸಿಕೊಳ್ಳಿ: ಒಂದು ಏಟು ಕೊಟ್ಟರೆ ಅಲ್ಲಾಡಿ ಮತ್ತೆ ಗುಂಡಿಗೇ ಕೂರುತ್ತದೆ, ಅಂಚು ದಾಟುವ ತನಕ ಒತ್ತಿ ಹಿಡಿದರೆ ಮಾತ್ರ ಆಚೆ ಬರುತ್ತದೆ. ವರ್ಜೀನಿಯಾ ಟೆಕ್‌ನ ಡಿಪ್ಲಾಸ್ ಮತ್ತು ಜೊತೆಗಾರರು 2008ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಉಕ್ಕಿನ ಗುಂಡನ್ನು ಎಲೆಕ್ಟ್ರೋಮ್ಯಾಗ್ನೆಟ್‌ನಿಂದ ಎಳೆದು ನೋಡಿದರು, ನೀರಿನಲ್ಲೂ ನೋಡಿದರು. ತುಂಬಾ ಜೋರಾದ, ಆದರೆ ತೀರಾ ಗಿಡ್ಡ ಎಳೆತಕ್ಕೆ ಗುಂಡು ಹೊರಡಲಿಲ್ಲ. ಅದಕ್ಕಿಂತ ಕಮ್ಮಿ ಬಲ, ಜಾಸ್ತಿ ಹೊತ್ತು ಇದ್ದಾಗ ಹೊರಟಿತು. ಬಲವನ್ನು ಹೊತ್ತಿನಿಂದ ಗುಣಿಸಿದ್ದೇ ನಿರ್ಣಾಯಕ. ನಿಮ್ಮ ಒಂದು ಮಿ.ಮೀ. ಕಾಳಿಗೆ ಈ ಹೊತ್ತು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸು. ದೊಡ್ಡ ಕಲ್ಲಿಗೆ ಇನ್ನೂ ಜಾಸ್ತಿ ಬೇಕು. ಹಾಗಾಗಿ ಸಣ್ಣ ಸುಳಿಗಳು ದೊಡ್ಡ ಕಲ್ಲನ್ನು ನಡುಗಿಸಬಹುದು, ಉರುಳಿಸಲಾರವು. ಉರುಳಿಸಲು ದೊಡ್ಡ ಸುಳಿಯೇ ಬೇಕು.

ಇನ್ನು "ಒಂದೇ ಅಳತೆಯ ಮರಳು" ಅಂದಿರಿ. ಅಳತೆ ಒಂದೇ ಇರಬಹುದು, ಕೂತ ಜಾಗ ಒಂದೇ ಅಲ್ಲ. ಒಂದು ಕಾಳು ನೆತ್ತಿ ಹೊರಗೆ ಹಾಕಿ ಕೂತಿದೆ, ಇನ್ನೊಂದು ಅದರ ಮರೆಯಲ್ಲಿದೆ, ಮತ್ತೊಂದು ಅರ್ಧ ಹೂತಿದೆ. ಒಂದೇ ಸ್ವೀಪ್ ಹಾಯ್ದರೂ ಮೊದಲನೆಯದು ಮಾತ್ರ ಹೋಗುತ್ತದೆ.

ನಮ್ಮ ಲ್ಯಾಬ್‌ಗೆ ಬರುವ ವಿದ್ಯಾರ್ಥಿಗಳಿಗೆ ನಾನು ಒಂದು ಕೆಲಸ ಕೊಡುತ್ತೇನೆ. ವಾಲ್ವ್ ನಿಧಾನವಾಗಿ ತಿರುಗಿಸುತ್ತಾ ಹೋಗುತ್ತೇನೆ, ಮರಳು ಹೊರಟಿತು ಅಂತ ಅನಿಸಿದ ತಕ್ಷಣ ಬರೆದುಕೊಳ್ಳಿ, ಯಾರಿಗೂ ತೋರಿಸಬೇಡಿ ಅನ್ನುತ್ತೇನೆ. ಒಬ್ಬೊಬ್ಬರದು ಒಂದೊಂದು ಅಂಕೆ. ಒಬ್ಬಳು ಮೊದಲ ಕಾಳು ಅಲ್ಲಾಡಿದ ಕೂಡಲೇ ಬರೆದಿರುತ್ತಾಳೆ, ಇನ್ನೊಬ್ಬ ತಳವೆಲ್ಲ ಹರಿಯುವ ತನಕ ಕಾದಿರುತ್ತಾನೆ. ಇಬ್ಬರದೂ ಸರಿ. ಪುಸ್ತಕದ ಆ ಒಂದು ಗೆರೆ ನಾವು ಒಪ್ಪಿಕೊಂಡ ಗೆರೆ. ಗೆರೆಯ ಕೆಳಗೆ ಸೊನ್ನೆ, ಮೇಲೆ ಪೂರ್ತಿ ಅನ್ನುವಂಥದ್ದು ಪ್ರಕೃತಿಯಲ್ಲಿ ಇಲ್ಲ. ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್, ಹೌದು, ಆ ಐನ್‌ಸ್ಟೈನ್ ಅವರ ಮಗನೇ, 1937ರಲ್ಲಿ ಜ್ಯೂರಿಕ್‌ನಲ್ಲಿ ಪ್ರಕಟಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ತಳದ ಕಲ್ಲು ಮರಳಿನ ಪಯಣವನ್ನು ಪೂರ್ತಿ ಸಂಭವನೀಯತೆಯ ಲೆಕ್ಕವಾಗಿ ನೋಡಿದರು. ಕಾಳು ಒಂದು ಹೆಜ್ಜೆ ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಹೋಗುತ್ತದೆ. ಹೆಜ್ಜೆ ಎಷ್ಟುದ್ದ, ನಿಲುಗಡೆ ಎಷ್ಟು ಹೊತ್ತು, ಎರಡೂ ಆಯಾ ಹೊತ್ತಿನ ಅದೃಷ್ಟ. ನೀವು ಕಾಲುವೆ ಪಕ್ಕ ಕೂತು ನೋಡಿದ್ದೂ ಇದೇ.

ಒಂದು ಪ್ರಯೋಗ ಹೇಳುತ್ತೇನೆ, ಮಾಡಿ ನೋಡಿ. ಸಿರಿಂಜ್‌ಗೆ ತೆಳು ಪೈಪ್ ಸಿಕ್ಕಿಸಿ, ಅದನ್ನು ಕಡ್ಡಿಗೆ ಕಟ್ಟಿ ತುದಿಯನ್ನು ತಳಕ್ಕೆ ತಾಗಿಸಿ. ಸಿರಿಂಜ್‌ನಲ್ಲಿ ಹಾಲು ತುಂಬಿ ಮೆಲ್ಲಗೆ ಒತ್ತಿ. ಮೇಲಿಂದ ಪಾರದರ್ಶಕ ತಳದ ಡಬ್ಬಿ ನೀರಿನ ಮೇಲೆ ಇಟ್ಟರೆ ಹೊಳಪು ಅಡ್ಡ ಬರುವುದಿಲ್ಲ. ಫೋನ್‌ನಲ್ಲಿ ಸ್ಲೋ ಮೋಷನ್ ಹಾಕಿ ರೆಕಾರ್ಡ್ ಮಾಡಿ.

---

ತೋಟದಮನೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. 0.49, 0.55 ನೋಡಿ ಆಶ್ಚರ್ಯ ಆಯಿತು. ನಾನು ಅಳೆದ ಪೈಪ್ ಲೆವೆಲ್‌ನಿಂದಲೇ ಇಷ್ಟು ಹೇಳಬಹುದು ಅಂತ ಗೊತ್ತಿರಲಿಲ್ಲ.

ಹಾಲಿನ ಪ್ರಯೋಗ ಮಾಡಿದೆ. ದನದ ಔಷಧಿಯ ಸಿರಿಂಜ್ ಇತ್ತು, ಅದಕ್ಕೆ ಡ್ರಿಪ್‌ನ ತೆಳು ಪೈಪ್ ಹಾಕಿದೆ. ಹಾಲು ಮೊದಲು ತಳಕ್ಕೆ ಅಂಟಿಕೊಂಡು ದಾರದಷ್ಟು ತೆಳ್ಳಗೆ ಸಾಗುತ್ತದೆ. ಸ್ವಲ್ಪ ದೂರ ಹೋಗಿ ಹಾವಿನಂತೆ ಎಡಕ್ಕೆ ಬಲಕ್ಕೆ ಹೊರಳುತ್ತದೆ. ಆಮೇಲೆ ಒಂದು ತುದಿ ಮೇಲೆದ್ದು ಪುಸ್ಸೆಂದು ಮಂಜಾಗಿ ಹರಡಿಬಿಡುತ್ತದೆ. ನೀವು ಹೇಳಿದ ಬರ್ಸ್ಟ್ ಅದೇ ಇರಬೇಕು. ಸ್ಲೋ ಮೋಷನ್‌ನಲ್ಲಿ ನೋಡಿದರೆ ಮರಳು ಕದಲುವುದು ಹಾಲು ಎದ್ದ ಜಾಗದಲ್ಲಿ ಅಲ್ಲ, ಅದರ ಪಕ್ಕದಲ್ಲಿ ಅಥವಾ ಸ್ವಲ್ಪ ಹಿಂದೆ. ಅಲ್ಲಿ ಹಾಲು ಪೂರಾ ತೊಳೆದು ಹೋಗಿರುತ್ತದೆ.

ಕಾಲುವೆಯ ಮೇಲ್ಭಾಗದಲ್ಲಿ ಸ್ವಲ್ಪ ದೂರ ಸಿಮೆಂಟ್ ಹಾಕಿದ್ದೇವೆ. ಅಲ್ಲಿ ತೆಳ್ಳಗೆ ಕೂತ ನುಣುಪು ಮರಳು ಹರಿವಿನ ದಿಕ್ಕಿಗೆ ಸಣ್ಣ ಸಣ್ಣ ಗೆರೆಗಳಾಗಿ ನಿಂತಿದೆ. ಗೆರೆಗೂ ಗೆರೆಗೂ ಅರ್ಧ ಸೆಂ.ಮೀ. ಇರಬಹುದು. ಇವೂ ಆ ಪಟ್ಟಿಗಳೇನಾ?

ಇನ್ನೊಂದು ಕೆಲಸದ ಪ್ರಶ್ನೆ. ಒಂದು ತಿರುವಿನಲ್ಲಿ ದಂಡೆ ಕೊರೆಯುತ್ತಿತ್ತು. ನೀರಿನ ಜೋರು ಕಮ್ಮಿ ಮಾಡಲು ಕಾಲುವೆ ನಡುವೆ ಒಂದು ದೊಡ್ಡ ಕಲ್ಲು ಇಟ್ಟೆವು. ಈಗ ಕಲ್ಲಿನ ಮುಂದುಗಡೆ, ಅಂದರೆ ನೀರು ಬಂದು ಬಡಿಯುವ ಕಡೆಯೇ ಗುಂಡಿ ಬಿದ್ದಿದೆ. ಎರಡು ಪಕ್ಕದಲ್ಲೂ ಬಿದ್ದಿದೆ. ಹಿಂದೆ ಮರಳು ಕೂತಿದೆ. ಕಲ್ಲು ಮುಂದಕ್ಕೆ ವಾಲುತ್ತಿದೆ. ಮುಂದುಗಡೆ ಯಾಕೆ ಗುಂಡಿ? ಏನು ಮಾಡಬೇಕು?

---

ನಾಲೆ_ನೋಡಿದವನು:

ಕಲ್ಲಿನ ವಿಷಯ ನಾನು ಹೇಳುತ್ತೇನೆ. ತುಂಗಭದ್ರಾ ಅಚ್ಚುಕಟ್ಟಿನ ಕಾಲುವೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸೇತುವೆ ಕಂಬದ ಬುಡದಲ್ಲಿ ಇದೇ ಗುಂಡಿ ಎಷ್ಟೋ ಕಡೆ ನೋಡಿದ್ದೇನೆ.

ಮೇಲಿನ ನೀರಿಗೆ ವೇಗ ಜಾಸ್ತಿ, ತಳದ ನೀರಿಗೆ ಕಮ್ಮಿ. ಎರಡೂ ಬಂದು ಕಲ್ಲಿಗೆ ಬಡಿದು ನಿಂತಾಗ ಮೇಲೆ ಒತ್ತಡ ಜಾಸ್ತಿ ಆಗುತ್ತದೆ, ಕೆಳಗೆ ಕಮ್ಮಿ. ಹಾಗಾಗಿ ನೀರು ಕಲ್ಲಿನ ಮುಖದ ಗುಂಟ ಕೆಳಗೆ ಧುಮುಕುತ್ತದೆ. ತಳ ಮುಟ್ಟಿ ಹಿಂದಕ್ಕೆ ಹೊರಳಿ ಸುಳಿಯಾಗುತ್ತದೆ. ಆ ಸುಳಿ ಕಲ್ಲನ್ನು ಮುಂದಿನಿಂದ ಬಳಸಿ ಎರಡೂ ಪಕ್ಕಕ್ಕೆ ಬಾಲ ಚಾಚುತ್ತದೆ. ಕುದುರೆ ಲಾಳದ ಆಕಾರ ಇರುವುದರಿಂದ ಹಾರ್ಸ್‌ಶೂ ಸುಳಿ ಅಂತಲೇ ಹೆಸರು. ಅದು ಮುಂದಿನ ಮತ್ತು ಪಕ್ಕದ ಮರಳನ್ನು ಕೆತ್ತಿ ಹಿಂದೆ ಹಾಕುತ್ತದೆ. ನದಿಯಲ್ಲಿ ಕಂಬದ ಅಗಲದ ಎರಡು ಪಟ್ಟಿನಷ್ಟು ಆಳಕ್ಕೆ ಗುಂಡಿ ಇಳಿಯುವುದುಂಟು. ಅಡಿಪಾಯ ಅದಕ್ಕಿಂತ ಕೆಳಗೆ ಹೋಗದಿದ್ದರೆ ಸೇತುವೆಗೆ ಆಪತ್ತು. ಪ್ರವಾಹ ಇಳಿಯುವಾಗ ಆ ಗುಂಡಿ ಮರಳು ತುಂಬಿಕೊಂಡು ಮುಚ್ಚಿಹೋಗುತ್ತದೆ, ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ಎಲ್ಲ ಸರಿಯಿದೆ ಅನಿಸುತ್ತದೆ. ಇದು ನನ್ನನ್ನು ಸದಾ ಕಾಡಿದ ವಿಷಯ. ಪ್ರವಾಹ ಇರುವಾಗಲೇ ಕಂಬದ ಬುಡ ಅಳೆಯಬೇಕು. ಅದಕ್ಕೆ ಬೇಕಾದ ಉಪಕರಣ ಬಂದು ಎಷ್ಟೋ ಕಾಲವಾಯಿತು, ಎಲ್ಲ ಸೇತುವೆಗೂ ಬರಬೇಕು.

ನಿಮ್ಮ ಕಲ್ಲು ತೆಗೆಯಿರಿ. ನಡುವೆ ಕಲ್ಲಿಟ್ಟರೆ ನೀರಿನ ಜೋರು ಕಮ್ಮಿ ಆಗುವುದಿಲ್ಲ, ಎರಡು ದಂಡೆಗೂ ಹಂಚಿಹೋಗುತ್ತದೆ. ತಿರುವಿನ ಹೊರ ದಂಡೆಯ ಬುಡಕ್ಕೆ ಕಲ್ಲು ಜೋಡಿಸಿ. ಕಲ್ಲಿನ ಮುಂದೆ ತಳಕ್ಕೆ ಮನೆ ಕಟ್ಟುವ 20 ಮಿ.ಮೀ. ಜಲ್ಲಿ ಹರವಿ. ಅದು ಕದಲಲು 14 ಪ್ಯಾಸ್ಕಲ್ ಆಸುಪಾಸು ಬೇಕು. ಮಳೆಗಾಲದಲ್ಲಿ ನಿಮ್ಮಲ್ಲಿ ಒಂದಡಿ ನೀರು ಬಂದರೂ ಸರಾಸರಿ ಎಳೆತ 1.5, ಸುಳಿ ಇದ್ದ ಕಡೆ ಅದರ ನಾಲ್ಕು ಪಟ್ಟು ಅಂದುಕೊಂಡರೂ 6. ನಿಲ್ಲುತ್ತದೆ. ಆದರೆ ಜಲ್ಲಿಯನ್ನು ನೇರ ಮರಳಿನ ಮೇಲೆ ಹಾಕಬೇಡಿ. ನೀರಿನ ಒತ್ತಡ ಏರಿಳಿಯುತ್ತಿದ್ದಂತೆ ಜಲ್ಲಿಯ ಸಂದಿಯಿಂದ ಮರಳು ಹೀರಿಕೊಂಡು ಬರುತ್ತದೆ, ಜಲ್ಲಿ ನಿಧಾನಕ್ಕೆ ಕುಸಿಯುತ್ತದೆ. ಕೆಳಗೆ ಒಂದು ಪದರ 6 ಮಿ.ಮೀ. ಬೇಬಿ ಜಲ್ಲಿ ಹಾಕಿ, ಅದರ ಮೇಲೆ ದಪ್ಪದ್ದು.

ಟರ್ಬುಲೆನ್ಸ್ ಬಗ್ಗೆ ಮೇಲೆ ಬರೆದದ್ದು ಓದಿ ಹಳೆಯದೊಂದು ನೆನಪಾಯಿತು. ನಾವು ಓದುವಾಗ ಕಾಲುವೆ ವಿನ್ಯಾಸದ ಕೆನಡಿ, ಲೇಸಿ ಸೂತ್ರಗಳನ್ನು ಬಾಯಿಪಾಠ ಮಾಡಿದವರು. ಕೆನಡಿ ಪಂಜಾಬಿನ ಅಪ್ಪರ್ ಬಾರಿ ದೋಆಬ್ ಕಾಲುವೆಯಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್. ಹೂಳೂ ಕೂರದ, ತಳವೂ ಕೊರೆಯದ ಕಡೆಗಳನ್ನು ಹುಡುಕಿ ಅಳೆದು 1895ರಲ್ಲಿ ಸೂತ್ರ ಕೊಟ್ಟರು: ಆಳದ 0.64 ಘಾತವನ್ನು 0.55ರಿಂದ ಗುಣಿಸಿದರೆ ಬೇಕಾದ ವೇಗ. ಒಂದು ಮೀಟರ್ ಆಳಕ್ಕೆ ಸೆಕೆಂಡಿಗೆ 0.55 ಮೀಟರ್. ಸೂತ್ರಕ್ಕಿಂತ ಅವರು ಕೊಟ್ಟ ಕಾರಣ ದೊಡ್ಡದು. ತಳದ ಒರಟುತನದಿಂದ ಸುಳಿಗಳು ಹುಟ್ಟಿ ಮೇಲೇಳುತ್ತವೆ, ಹೂಳನ್ನು ಎತ್ತಿ ಹಿಡಿಯುವುದು ಅವೇ ಅಂದರು. ಗುಳ್ಳೆ ಬಿಟ್ಟು ನೋಡುವ ಸಾಧನ ಬರುವ ಎಷ್ಟೋ ದಶಕ ಮುಂಚೆ, ಕಾಲುವೆ ದಂಡೆಯಲ್ಲಿ ನಿಂತು! ಸುಳಿಗಳು ಪಕ್ಕದ ದಂಡೆಯಿಂದಲೂ ಏಳುತ್ತವೆ ಅಂತ ಆಮೇಲೆ ಲೇಸಿ ಸೇರಿಸಿದರು. ಹಾಗಾಗಿ ಅವರ ಸೂತ್ರದಲ್ಲಿ ಆಳದ ಜಾಗಕ್ಕೆ ಹೈಡ್ರಾಲಿಕ್ ರೇಡಿಯಸ್ (ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರು ತಾಗಿದ ತಳ-ದಂಡೆಗಳ ಉದ್ದದಿಂದ ಭಾಗಿಸಿದ್ದು) ಬಂತು, ಮರಳಿನ ಗಾತ್ರಕ್ಕೆ ಸಿಲ್ಟ್ ಫ್ಯಾಕ್ಟರ್ ಬಂತು. ನಮ್ಮ ಹುಡುಗರು ಈ ಸೂತ್ರಗಳನ್ನು ಅಂಕದ ಆಸೆಗೆ ಬರೆದು ಮರೆಯುತ್ತಾರೆ, ಹಿಂದಿನ ಆ ನೋಟ ಯಾರೂ ಹೇಳಿಕೊಡುವುದಿಲ್ಲ.

ಕೊನೆಭಾಗದ ರೈತರಿಗೆ ಇದು ಬದುಕಿನ ಪ್ರಶ್ನೆ. ಮೇಲೆ ನೀರು ತಿರುಗಿಸಿಕೊಂಡರೆ ಕೆಳಗಿನ ವಿತರಣಾ ಕಾಲುವೆಯಲ್ಲಿ ಆಳ ಇಳಿಯುತ್ತದೆ. ಆಳ ಇಳಿದರೆ ವೇಗ ಇಳಿಯುತ್ತದೆ, ಸುಳಿಗೆ ಹೂಳು ಹೊರುವ ಶಕ್ತಿ ಇರುವುದಿಲ್ಲ. ಹೂಳು ಕೂರುತ್ತದೆ, ಅದರ ಮೇಲೆ ಜೊಂಡು ಬೆಳೆಯುತ್ತದೆ, ನೀರು ಇನ್ನೂ ನಿಧಾನವಾಗುತ್ತದೆ. ಜಲಾಶಯದಲ್ಲೂ ಕಥೆ ಅದೇ. ನದಿ ಬಂದು ನಿಂತ ನೀರಿಗೆ ಸೇರಿದ ಕೂಡಲೇ ಟರ್ಬುಲೆನ್ಸ್ ಸಾಯುತ್ತದೆ. ದಪ್ಪ ಮರಳು ಹಿನ್ನೀರಿನ ಬಾಯಲ್ಲೇ ಬೀಳುತ್ತದೆ, ನುಣುಪು ಹೂಳು ಒಳಗೆ ಹೋಗಿ ಕೂರುತ್ತದೆ. ತುಂಗಭದ್ರಾ ಜಲಾಶಯ 1953ರಲ್ಲಿ ಆದಾಗ 133 ಟಿಎಂಸಿ ಅಂದಿದ್ದು ಈಗ ಸುಮಾರು 105 ಟಿಎಂಸಿಗೆ ಇಳಿದಿದೆ.

---

ಗಾಜಿನ_ಕಾಲುವೆ:

ಕೆನಡಿಯವರ ವಿಷಯ ನೆನಪಿಸಿದ್ದಕ್ಕೆ ವಂದನೆ ಸರ್. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿಯೇ ಹೇಳುತ್ತೇನೆ.

ತೋಟದಮನೆಯವರೇ, ಸಿಮೆಂಟಿನ ಮೇಲಿನ ಗೆರೆಗಳು ಆ ಪಟ್ಟಿಗಳೇ. ನುಣುಪಾದ ತಳದ ಮೇಲೆ ಪಟ್ಟಿಗಳ ನಡುವಿನ ಅಂತರಕ್ಕೆ ಒಂದು ಲೆಕ್ಕ ಇದೆ. ತಳದ ಎಳೆತವನ್ನು ನೀರಿನ ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಒಂದು ವೇಗ ಬರುತ್ತದೆ, ನಿಮ್ಮಲ್ಲಿ ಸೆಕೆಂಡಿಗೆ ಸುಮಾರು 2.2 ಸೆಂ.ಮೀ. ನೀರಿನ ಸ್ನಿಗ್ಧತೆಯನ್ನು ಈ ವೇಗದಿಂದ ಭಾಗಿಸಿ ನೂರರಿಂದ ಗುಣಿಸಿ. ನಾಲ್ಕೂವರೆ ಮಿ.ಮೀ. ಬರುತ್ತದೆ. ನೀವು ಕಣ್ಣಳತೆಯಲ್ಲಿ ಅರ್ಧ ಸೆಂ.ಮೀ. ಅಂದಿದ್ದೀರಿ! ಜೋರಿನ ಪಟ್ಟಿಯ ಕೆಳಗಿನ ಪುಡಿಯನ್ನು ನೀರು ಪಕ್ಕಕ್ಕೆ ತಳ್ಳುತ್ತದೆ, ಅದು ನಿಧಾನದ ಪಟ್ಟಿಯ ಕೆಳಗೆ ಹೋಗಿ ಸೇರುತ್ತದೆ. ಮರಳಿನ ತಳದಲ್ಲಿ ಇಷ್ಟು ಅಚ್ಚುಕಟ್ಟಾಗಿ ಕಾಣುವುದಿಲ್ಲ, ಕಾಳುಗಳೇ ಪಟ್ಟಿಯನ್ನು ಕೆಡಿಸುತ್ತವೆ.

ಹಾಲು ಎದ್ದ ಜಾಗದಲ್ಲಿ ಮರಳು ಯಾಕೆ ಏಳಲಿಲ್ಲ ಅನ್ನೋದೂ ಲೆಕ್ಕಕ್ಕೆ ಸಿಗುತ್ತದೆ. ಒಂದು ಮಿ.ಮೀ. ಮರಳು ನಿಂತ ನೀರಿನಲ್ಲಿ ಸೆಕೆಂಡಿಗೆ 10 ಸೆಂ.ಮೀ.ಗಿಂತ ಜಾಸ್ತಿ ವೇಗದಲ್ಲಿ ಬೀಳುತ್ತದೆ. ನಿಮ್ಮ ಕಾಲುವೆಯ ಸುಳಿಗಳ ಮೇಲ್ಮುಖ ವೇಗ ಸೆಕೆಂಡಿಗೆ ಎರಡು ಮೂರು ಸೆಂ.ಮೀ. ಆಸುಪಾಸು. ಎತ್ತಲು ಆಗುವುದೇ ಇಲ್ಲ. ಹಾಗಾಗಿ ಅದು ತಳದಲ್ಲೇ ಉರುಳಿ, ಜಾರಿ, ಚಿಕ್ಕದಾಗಿ ನೆಗೆದು ಹೋಗಬೇಕು, ಅದಕ್ಕೆ ಸ್ವೀಪ್ ಬೇಕು. ಮಳೆಗಾಲದ ಕೆಂಪು ನೀರು ಬೇರೆ. ಎರಡು ಮೈಕ್ರಾನ್, ಅಂದರೆ ಒಂದು ಮಿ.ಮೀ.ಯ ಐನೂರನೇ ಒಂದು ಭಾಗದಷ್ಟಿರುವ ಜೇಡಿ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮೂರು ದಿನ ಬೇಕು. ಸಣ್ಣ ಬರ್ಸ್ಟ್ ಕೂಡ ಅದನ್ನು ಮೇಲೆತ್ತಿ ಅಲ್ಲೇ ಇಟ್ಟುಬಿಡುತ್ತದೆ, ತೋಟದಿಂದ ಹೊರಟದ್ದು ತುಂಗೆಗೇ ಹೋಗುತ್ತದೆ.

ನಿಮ್ಮ ಕಪ್ಪು ಮರಳನ್ನೂ ಗಮನಿಸಿ. ಅದು ಬಹುತೇಕ ಕಬ್ಬಿಣದ ಖನಿಜ ಇರುತ್ತದೆ, ಅಯಸ್ಕಾಂತ ಹಿಡಿದರೆ ಒಂದಷ್ಟು ಅಂಟಿಕೊಳ್ಳುತ್ತದೆ. ಅಂಟಿಕೊಳ್ಳುವ ಮ್ಯಾಗ್ನೆಟೈಟ್ ನೀರೊಳಗೆ ಅದೇ ಗಾತ್ರದ ಬಿಳಿ ಮರಳಿಗಿಂತ ಎರಡೂವರೆ ಪಟ್ಟು ತೂಕ. ಮೇಲಾಗಿ ಕಾಳು ಸಣ್ಣದಾದ್ದರಿಂದ ಬಿಳಿ ಕಾಳಿನ ಸಂದಿಯಲ್ಲಿ ಅಡಗುತ್ತದೆ. ಬಿಳಿಯದು ಹೋಗುತ್ತದೆ, ಕಪ್ಪು ಹಿಂದೆ ಉಳಿದು ಗೆರೆಯಾಗುತ್ತದೆ. ಅಭ್ರಕ ಚಪ್ಪಟೆ, ತೇಲುತ್ತಾ ಬೀಳುತ್ತದೆ, ಬರ್ಸ್ಟ್‌ನ ಜೊತೆ ಮೇಲೆದ್ದು ಬಿಸಿಲಿಗೆ ಹೊಳೆಯುವುದು ಅದೊಂದೇ.

---

ತೋಟದಮನೆ:

ಅಯಸ್ಕಾಂತ ಹಿಡಿದೆ, ಗಡ್ಡದಂತೆ ಅಂಟಿಕೊಂಡಿತು. ಜಲ್ಲಿ ಕೆಲಸ ಈ ವಾರ ಶುರು ಮಾಡುತ್ತೇವೆ, ಕೆಳಗೆ ಬೇಬಿ ಜಲ್ಲಿ ಹಾಕಿಯೇ.

ಇನ್ನೊಂದೇ ಒಂದು. ಕಾಲುವೆಯ ಕೆಳಭಾಗದಲ್ಲಿ ಮರಳು ಅಲೆ ಅಲೆಯಾಗಿ ನಿಂತಿದೆ. ಮೇಲ್ಭಾಗದಲ್ಲಿ ಹಾಗಿಲ್ಲ, ಚಪ್ಪಟೆ. ನೀರು ಎರಡೂ ಕಡೆ ಒಂದೇ.

---

ಗಾಜಿನ_ಕಾಲುವೆ:

ಕೆಳಭಾಗದ ಮರಳು ಸಣ್ಣದಿರಬೇಕು. ಆ ಥರದ ಸಣ್ಣ ಅಲೆಗಳು, ಅಂದರೆ ರಿಪಲ್, ಸುಮಾರು 0.6 ಮಿ.ಮೀ.ಗಿಂತ ಚಿಕ್ಕ ಮರಳಿನಲ್ಲಿ ಮಾತ್ರ ಏಳುತ್ತವೆ. ದಪ್ಪ ಮರಳಿನಲ್ಲಿ ಕಾಳುಗಳೇ ತಳದ ತೆಳು ಪದರವನ್ನು ಒಡೆದುಬಿಡುತ್ತವೆ, ಅಲೆ ಕಟ್ಟಿಕೊಳ್ಳುವುದಿಲ್ಲ. ಸಣ್ಣ ಮರಳಿನಲ್ಲಿ ಒಂದು ಸ್ವೀಪ್ ಒಂದಷ್ಟು ಕಾಳು ತಂದು ಗುಡ್ಡೆ ಹಾಕುತ್ತದೆ. ಗುಡ್ಡೆಯ ಹಿಂದೆ ನೀರು ಬೇರ್ಪಟ್ಟು ಸುಳಿಯಾಗುತ್ತದೆ, ಆ ಸುಳಿಯ ಆಚೆ ನೀರು ಮತ್ತೆ ತಳ ಮುಟ್ಟುವಲ್ಲಿ ಕೊರೆಯುತ್ತದೆ, ಕೊರೆದದ್ದು ಮುಂದೆ ಹೋಗಿ ಇನ್ನೊಂದು ಗುಡ್ಡೆ. ಒಂದರಿಂದ ಮುಂದಿನದು ಹುಟ್ಟುತ್ತಾ ಹೋಗುತ್ತದೆ. ಅಲೆಯಿಂದ ಅಲೆಗೆ ಇರುವ ದೂರ ಕಾಳಿನ ಗಾತ್ರದ ಸಾವಿರ ಪಟ್ಟಿನ ಆಸುಪಾಸು ಇರುತ್ತದೆ.

ಸ್ಕೇಲ್ ಹಿಡಿದು ಅಲೆಗಳ ನಡುವಿನ ದೂರ ಅಳೆಯಿರಿ. ಎರಡೂ ಕಡೆಯ ಒಂದೊಂದು ಹಿಡಿ ಮರಳು ಒಣಗಿಸಿ ಹಿಟ್ಟಿನ ಜರಡಿಯಲ್ಲಿ ಜಾಲಿಸಿ, ಕೆಳಗೆ ಬಿದ್ದದ್ದು ಎಷ್ಟು, ಮೇಲೆ ಉಳಿದದ್ದು ಎಷ್ಟು ಅಂತ ಅಡಿಗೆ ಮನೆ ತಕ್ಕಡಿಯಲ್ಲಿ ತೂಗಿ. ಅಂಕೆ ಹಾಕಿದರೆ ಉಳಿದದ್ದು ಲೆಕ್ಕ ಮಾಡಿ ಹೇಳುತ್ತೇನೆ.